ಕಿಲ್‌ಪೆಕ್ ಚರ್ಚ್: ಅಷ್ಟು ಸಣ್ಣ ಹಳ್ಳೀಲಿ ಇಷ್ಟೊಂದು ಕೆತ್ತನೆ ಯಾಕೆ?

ಪ್ರಶ್ನೆ: ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿದೀವಿ. ಹೋದ ತಿಂಗಳು ಹೆರೆಫರ್ಡ್ ಕಡೆ ಹೋದಾಗ ಕಿಲ್‌ಪೆಕ್ ಅನ್ನೋ ಹಳ್ಳಿಯ ಹಳೇ ಚರ್ಚ್ ನೋಡಿದ್ವಿ. ಸುತ್ತ ಒಂದಿಷ್ಟು ಮನೆ, ಒಂದು ಪಬ್, ಉಳಿದಿದ್ದೆಲ್ಲಾ ಹೊಲ. ಆದ್ರೆ ಚರ್ಚ್ ಗೋಡೆ ನೋಡಿ ಬೇಲೂರೇ ನೆನಪಾಯ್ತು. ಇಷ್ಟು ಸಣ್ಣ ಹಳ್ಳಿಗೆ ಇಂಥ ಚರ್ಚ್ ಯಾರು ಕಟ್ಟಿಸಿದ್ದು? ಸೂರಿನ ಕೆಳಗೆ ನಾಯಿ, ಮೊಲ, ರಾಕ್ಷಸ ಮುಖ, ಜೊತೆಗೆ ಒಂದು ನಗ್ನ ಹೆಂಗಸಿನ ಶಿಲ್ಪಾನೂ ಇದೆ, ನಮ್ಮ ಲಜ್ಜಾಗೌರಿ ಥರಾನೇ. ಚರ್ಚಲ್ಲಿ ಇದೆಲ್ಲಾ ಯಾಕೆ ಅಂತ ಮಗಳು ಕೇಳಿದ್ಲು, ನನಗೆ ಹೇಳೋಕಾಗ್ಲಿಲ್ಲ. ಇನ್ನೊಂದು, ಕೆತ್ತನೆ ನಿನ್ನೆ ಮೊನ್ನೆ ಮಾಡಿದ ಹಾಗಿದೆ, ನಿಜವಾಗ್ಲೂ ಅಷ್ಟು ಹಳೇದಾ?

ಉತ್ತರ: ಕೊನೇ ಪ್ರಶ್ನೆಯಿಂದ್ಲೇ ಶುರು ಮಾಡ್ತೀನಿ, ಅಲ್ಲಿಗೆ ಹೋದವರೆಲ್ಲಾ ಮೊದ್ಲು ಕೇಳೋದೇ ಅದು. ಹೌದು, ನಿಜವಾಗ್ಲೂ ಹಳೇದೇ. ಸುಮಾರು 1140ರ ಹೊತ್ತಿಗೆ ಕೆತ್ತಿದ್ದು. ನಿಮಗೆ ಬೇಲೂರು ನೆನಪಾಗಿದ್ದರಲ್ಲೂ ಅರ್ಥ ಇದೆ, ಯಾಕಂದ್ರೆ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ, ಹಳೇಬೀಡಿನ ಕೆಲಸ ಅದಾದ ಮೇಲೆ ಶುರುವಾಗಿದ್ದು, ಅಂದ್ರೆ ಹಳೇಬೀಡಲ್ಲಿ ಉಳಿ ಸದ್ದು ಕೇಳ್ತಿದ್ದ ಕಾಲದಲ್ಲೇ ವೇಲ್ಸ್ ಗಡಿಯ ಈ ಹಳ್ಳೀಲೂ ಕೇಳ್ತಿತ್ತು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ, ಕಾಲ ಮಾತ್ರ ಒಂದೇ.

ಇಷ್ಟು ಚೆನ್ನಾಗಿ ಉಳಿದಿದ್ದಕ್ಕೆ ಮೊದಲ ಕಾರಣ ಕಲ್ಲು. ಆ ಸೀಮೆಯ ಮಣ್ಣೂ ಕೆಂಪು ಕಲ್ಲೂ ಕೆಂಪು, ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್ ಅಂತಾರೆ, ಸುಮಾರು 40 ಕೋಟಿ ವರ್ಷ ಹಳೇ ಮರಳುಗಲ್ಲು. ಮರಳುಗಲ್ಲು ಅಂದ್ರೆ ಮಳೆಗೆ ಉದುರಿ ಹೋಗುತ್ತೆ ಅನ್ನೋದು ಸಾಮಾನ್ಯ ಅನುಭವ, ಆದ್ರೆ ಕಿಲ್‌ಪೆಕ್‌ನ ಶಿಲ್ಪಿಗಳು ಆರಿಸಿಕೊಂಡ ಕಲ್ಲು ಅಪರೂಪಕ್ಕೆ ಗಟ್ಟಿ. ಎರಡನೇ ಕಾರಣ ಆ ಊರಿಗೆ ಆಮೇಲೆ ದುಡ್ಡು ಬರ್ಲಿಲ್ಲ. ಇಂಗ್ಲೆಂಡಲ್ಲಿ ಉಣ್ಣೆ ವ್ಯಾಪಾರದಿಂದ ದುಡ್ಡು ಮಾಡಿದ ಊರುಗಳಲ್ಲಿ 15ನೇ ಶತಮಾನದಲ್ಲಿ ಹಳೇ ಚರ್ಚನ್ನ ಕೆಡವಿ ದೊಡ್ಡ ಕಿಟಕಿ, ಎತ್ತರದ ಗೋಪುರ ಇರೋ ಹೊಸ ಚರ್ಚ್ ಕಟ್ಟಿಸ್ಕೊಂಡ್ರು. ಕಿಲ್‌ಪೆಕ್‌ನೋರಿಗೆ ಅದಕ್ಕೆ ಯೋಗ್ಯತೆ ಇರ್ಲಿಲ್ಲ, ಹಾಗಾಗಿ ಅಜ್ಜನ ಕಾಲದ್ದೇ ಉಳೀತು. ಪರಂಪರೆ ಉಳಿಯೋದು ಬರೀ ಪ್ರೀತಿಯಿಂದ ಅಲ್ಲ, ಎಷ್ಟೋ ಸಲ ಬಡತನದಿಂದ ಉಳಿಯುತ್ತೆ, ಇದನ್ನ ನಾನು ಹಳೇ ಕಟ್ಟಡಗಳ ವಿಷಯದಲ್ಲಿ ಮತ್ತೆ ಮತ್ತೆ ನೋಡಿದೀನಿ.

ಇದಕ್ಕೆ ಉಲ್ಟಾ ಉದಾಹರಣೆ ಅದೇ ಕೌಂಟಿಯಲ್ಲಿದೆ, ಶಾಬ್ಡನ್ ಅಂತ. ಅಲ್ಲಿ ಆಲಿವರ್ ಡಿ ಮರ್ಲಿಮಂಡ್ ಅನ್ನೋನು, ಅಲ್ಲಿನ ಪಾಳೆಯಗಾರ ಹ್ಯೂ ಡಿ ಮಾರ್ಟಿಮರ್‌ನ ಪಾರುಪತ್ತೇದಾರ, 1130ರ ದಶಕದಲ್ಲಿ ಒಂದು ಚರ್ಚ್ ಕಟ್ಟಿಸಿದ, ಕಿಲ್‌ಪೆಕ್ ಕೆತ್ತಿದ ಗುಂಪಿನೋರದೇ ಕೈ ಅಲ್ಲೂ ಇದೆ. ಆದ್ರೆ 1750ರ ದಶಕದಲ್ಲಿ ಅಲ್ಲಿನ ಜಮೀನ್ದಾರರು ಹಳೇ ಚರ್ಚ್ ತೆಗೆಸಿ ಆವತ್ತಿನ ಫ್ಯಾಷನ್ನಿನ ಹೊಸದು ಕಟ್ಟಿಸಿದ್ರು, ಕೆತ್ತನೆಯ ಕಮಾನು, ಬಾಗಿಲುಗಳನ್ನ ಎತ್ಕೊಂಡು ಹೋಗಿ ಗುಡ್ಡದ ಮೇಲೆ ದೂರದಿಂದ ಚೆಂದ ಕಾಣ್ಲಿ ಅಂತ ನಿಲ್ಲಿಸಿದ್ರು. ಬಯಲಲ್ಲಿ ಮಳೆ, ಹಿಮ, ಗಾಳಿಗೆ ನಿಂತು ನಿಂತು ಈಗ ಅಲ್ಲಿ ಆಕಾರಗಳ ನೆರಳು ಮಾತ್ರ ಇದೆ, ಮೂಗಿಲ್ಲ, ಕಣ್ಣಿಲ್ಲ, ಕೈಯಿಟ್ರೆ ಪುಡಿ ಬರುತ್ತೆ. ಶಾಬ್ಡನ್ ನೋಡಿ ಬಂದ್ಮೇಲೆ ಕಿಲ್‌ಪೆಕ್ ಬಾಗಿಲ ಮುಂದೆ ನಿಂತ್ರೆ ಗಂಟಲು ಕಟ್ಟುತ್ತೆ.

ಈಗ ಹಳ್ಳಿ ಪ್ರಶ್ನೆ. ನೀವು ಚರ್ಚ್ ಮಾತ್ರ ನೋಡಿ ಕಾರು ಹತ್ತಿದ್ರೋ ಏನೋ ಗೊತ್ತಿಲ್ಲ, ಎಷ್ಟೋ ಜನ ಹಾಗೇ ಮಾಡ್ತಾರೆ. ಚರ್ಚಿನ ಪಶ್ಚಿಮಕ್ಕೆ, ಸಮಾಧಿಗಳ ಆಚೆಗೆ ಹುಲ್ಲು ಬೆಳೆದ ಒಂದು ದಿಬ್ಬ ಇದೆ. ಅದು ತಾನಾಗಿ ಹುಟ್ಟಿದ ಗುಡ್ಡ ಅಲ್ಲ, ಮಣ್ಣು ಗುಡ್ಡೆ ಹಾಕಿ ಮಾಡಿದ ಕೋಟೆ. ಹತ್ತಿ ನೋಡಿದ್ರೆ ಮೇಲೆ ಕಲ್ಲಿನ ಗೋಡೆಯ ಎರಡು ತುಂಡು ನಿಂತಿವೆ, ಒಂದರಲ್ಲಿ ಒಲೆಯ ಗೂಡು ಈಗ್ಲೂ ಗೊತ್ತಾಗುತ್ತೆ. 1066ರಲ್ಲಿ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದ ವಿಲಿಯಂ ರಾಜ ವೇಲ್ಸ್ ಗಡಿ ಕಾಯೋಕೆ ತನ್ನ ಕಡೆಯೋರನ್ನ ಇಲ್ಲೆಲ್ಲಾ ಕೂರಿಸಿದ, ಕಿಲ್‌ಪೆಕ್ ಸಿಕ್ಕಿದ್ದು ವಿಲಿಯಂ ಫಿಟ್ಸ್ ನಾರ್ಮನ್‌ಗೆ, 1086ರ ಡೂಮ್ಸ್‌ಡೇ ಲೆಕ್ಕದ ಕಡತದಲ್ಲಿ ಅವನ ಹೆಸರಿದೆ. ಅವನ ಮಗ ಹ್ಯೂ. ಈ ಹ್ಯೂ 1134ರಲ್ಲಿ ಕಿಲ್‌ಪೆಕ್ ಚರ್ಚನ್ನೂ ಕೋಟೆ ಒಳಗಿದ್ದ ಸಣ್ಣ ಚಾಪೆಲ್ಲನ್ನೂ ಗ್ಲಾಸ್ಟರ್‌ನ ಮಠಕ್ಕೆ, ಅಂದ್ರೆ ಈಗ ಗ್ಲಾಸ್ಟರ್ ಕ್ಯಾಥೆಡ್ರಲ್ ಆಗಿರೋ ಜಾಗಕ್ಕೆ ದಾನ ಕೊಟ್ಟ. ಈಗ ನಿಂತಿರೋ ಕಟ್ಟಡ ಆ ದಾನದ ಆಸುಪಾಸಿನ ವರ್ಷಗಳದ್ದು. ಹೊರಗೆ ಆವತ್ತು ಗಲಾಟೆಯೋ ಗಲಾಟೆ, 1135ರಲ್ಲಿ ರಾಜ ಒಂದನೇ ಹೆನ್ರಿ ತೀರಿಕೊಂಡ ಮೇಲೆ ಅವನ ಮಗಳು ಮಟಿಲ್ಡಾಗೂ ಅಕ್ಕನ ಮಗ ಸ್ಟೀಫನ್‌ಗೂ ಪಟ್ಟಕ್ಕೆ ಯುದ್ಧ, 1138ರಲ್ಲಿ ಪಕ್ಕದ ಹೆರೆಫರ್ಡ್‌ಗೇ ಸ್ಟೀಫನ್ ಮುತ್ತಿಗೆ ಹಾಕಿದ. ಆ ಗದ್ದಲದ ಮಧ್ಯೆ ಒಬ್ಬ ಗಡಿ ಸಾಹುಕಾರ ತನ್ನ ಕೋಟೆ ಬಾಗಿಲಲ್ಲೇ ಇಂಥ ಚರ್ಚ್ ಮಾಡಿಸ್ಕೊಂಡ ಅಂದ್ರೆ ಅದರಲ್ಲಿ ಭಕ್ತಿ ಎಷ್ಟೋ, ನಾನಿಲ್ಲಿ ಬೇರು ಬಿಟ್ಟಿದೀನಿ ಅಂತ ಸಾರೋದೂ ಅಷ್ಟೇ ಇತ್ತು ಅನ್ನೋದು ನನ್ನ ಅಭಿಪ್ರಾಯ.

ಹಳ್ಳಿ ಆಗ ಸಣ್ಣದಾಗಿರ್ಲಿಲ್ಲ. ಚರ್ಚಿನ ಈಶಾನ್ಯಕ್ಕಿರೋ ಹೊಲದಲ್ಲಿ ಸಂಜೆ ಓರೆ ಬಿಸಿಲು ಬಿದ್ದಾಗ ನೋಡಿ, ನೆಲ ಸಮ ಇಲ್ಲ, ಏರುತಗ್ಗು, ಆಯತಾಕಾರದ ಗುರುತುಗಳು, ಸುತ್ತ ಮಣ್ಣಿನ ಏರಿ. ಅದೇ ಹಳೇ ಕಿಲ್‌ಪೆಕ್ ಊರು. ಬೀದಿ ಇತ್ತು, ಮನೆ ಇದ್ವು, 13ನೇ ಶತಮಾನದಲ್ಲಿ ಸಂತೆ ನಡೆಸೋಕೆ ಅಪ್ಪಣೇನೂ ಸಿಕ್ಕಿತ್ತು. ರಾಜ ಜಾನ್ ಇಲ್ಲಿಗೆ ಒಂದಕ್ಕಿಂತ ಹೆಚ್ಚು ಸಲ ಬಂದು ಉಳ್ಕೊಂಡಿದಾನೆ. ಹತ್ತಿರದಲ್ಲೇ ಗ್ಲಾಸ್ಟರ್ ಮಠದ ಸನ್ಯಾಸಿಗಳ ಸಣ್ಣ ಶಾಖೆಯೂ ಇತ್ತು, 1428ರಲ್ಲಿ ಅದನ್ನ ಮುಚ್ಚಿ ಮೂಲ ಮಠಕ್ಕೇ ಸೇರಿಸಿಬಿಟ್ರು. ಊರು ಕರಗಿದ್ದು ಮೆಲ್ಲಮೆಲ್ಲಗೆ, ಕೋಟೆಗೆ ಕೊನೇ ಪೆಟ್ಟು 17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಸಿವಿಲ್ ವಾರ್‌ನಲ್ಲಿ ಬಿತ್ತು. ದಿಬ್ಬ, ಚರ್ಚ್, ಹೊಲದ ಗುರುತು, ಈ ಮೂರನ್ನೂ ಒಟ್ಟಿಗೆ ನೋಡದೆ ಇದ್ರೆ ಕಿಲ್‌ಪೆಕ್ ಅರ್ಥ ಆಗಲ್ಲ, ಚರ್ಚ್ ಏನೋ ಆಕಾಶದಿಂದ ಹೊಲಕ್ಕೆ ಉದುರಿದ ಹಾಗೆ ಕಾಣುತ್ತೆ. ಮುಂದಿನ ಸಲ ಮಗಳನ್ನ ಮೊದಲು ದಿಬ್ಬಕ್ಕೆ ಹತ್ತಿಸಿ, ಆಮೇಲೆ ಚರ್ಚಿಗೆ ಕರ್ಕೊಂಡು ಬನ್ನಿ.

ಇನ್ನೊಂದು ಪದರ ಇದಕ್ಕಿಂತ ಹಳೇದು. ಈ ಚರ್ಚ್ ಇಬ್ಬರ ಹೆಸರಲ್ಲಿದೆ, ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್. ಡೇವಿಡ್ ವೇಲ್ಸ್‌ನ ಸಂತ. ನಾರ್ಮನ್ನರು ಬರೋಕೆ ಮುಂಚೆ ಈ ಸೀಮೆ ಎರ್ಗಿಂಗ್ ಅನ್ನೋ ವೆಲ್ಶ್ ನಾಡಿನ ಭಾಗ, ಇಂಗ್ಲಿಷ್‌ನೋರ ಬಾಯಲ್ಲಿ ಆರ್ಚೆನ್‌ಫೀಲ್ಡ್, ಡೂಮ್ಸ್‌ಡೇ ಬರೆದಾಗ್ಲೂ ಇಲ್ಲಿನ ಜನ ತಮ್ಮ ವೆಲ್ಶ್ ಕಟ್ಟುಪಾಡನ್ನೇ ನಡೆಸ್ತಿದ್ರು. ಕಿಲ್‌ಪೆಕ್ ಅನ್ನೋ ಹೆಸರೂ ವೆಲ್ಶ್ ಮೂಲದ್ದೇ. ಚರ್ಚಿನ ಹೊರಗೋಡೆ ಸುತ್ತುವಾಗ ಈಶಾನ್ಯ ಮೂಲೆ ಗಮನಿಸಿ, ಅಲ್ಲಿ ಒಂದು ಚೂರು ಗೋಡೆ ಬೇರೆ ಥರ ಇದೆ, ಒರಟು ಕಲ್ಲು, ಜೋಡಣೆನೂ ಬೇರೆ. ಅದು ಇದಕ್ಕೂ ಹಿಂದೆ ಇದ್ದ ಚರ್ಚಿನ ಉಳಿಕೆ, ಹೊಸದು ಕಟ್ಟೋವಾಗ ಅದನ್ನ ಕೆಡವದೆ ಒಳಗೆ ಸೇರಿಸ್ಕೊಂಡಿದಾರೆ.

ಕಟ್ಟಡದ ಪ್ಲಾನ್ ಸರಳ. ಒಂದರ ಹಿಂದೆ ಒಂದು ಮೂರು ಕೋಣೆ, ಪೂರ್ವಕ್ಕೆ ಹೋದ ಹಾಗೆಲ್ಲಾ ಕಿರಿದಾಗ್ತಾ ಹೋಗುತ್ತೆ. ಊರ ಜನ ನಿಲ್ಲೋದು ನೇವ್, ಆಮೇಲೆ ಪಾದ್ರಿಗಳ ಚಾನ್ಸೆಲ್, ಕೊನೆಗೆ ಅರ್ಧ ದುಂಡಗಿರೋ ಏಪ್ಸ್, ಪೂಜೆಯ ಪೀಠ ಅಲ್ಲಿ. ನವರಂಗ, ಸುಕನಾಸಿ, ಗರ್ಭಗುಡಿ ನೋಡಿ ಬೆಳೆದ ನಮಗೆ ಈ ಕ್ರಮ ಹೇಳಿಕೊಡೋದೇ ಬೇಡ, ಕಾಲು ತಾನೇ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತೆ.

ನಿಮ್ಮ ಜೊತೆ ನಾನಿದ್ದಿದ್ರೆ ದಕ್ಷಿಣದ ಬಾಗಿಲ ಮುಂದೆ ಅರ್ಧ ಗಂಟೆ ನಿಲ್ಲಿಸ್ತಿದ್ದೆ. ನಗ್ನ ಹೆಂಗಸಿನ ಫೋಟೋ ತೆಗೆಯೋ ಅವಸರದಲ್ಲಿ ಜನ ಈ ಬಾಗಿಲನ್ನ ಎರಡು ನಿಮಿಷದಲ್ಲಿ ಮುಗಿಸಿಬಿಡ್ತಾರೆ, ನನಗೆ ಅದು ನಿಜವಾಗ್ಲೂ ಬೇಜಾರು. ಬಾಗಿಲ ಮೇಲಿನ ಅರ್ಧಚಂದ್ರದ ಕಲ್ಲಲ್ಲಿ ಒಂದು ಬಳ್ಳಿಮರ, ಸುರುಳಿ ಸುತ್ತಿದ ಟೊಂಗೆ, ದ್ರಾಕ್ಷಿ ಗೊಂಚಲು. ಜೀವವೃಕ್ಷ ಅಂತ ಓದೋದು ರೂಢಿ. ಆ ಕಾಲದ ಬಹಳಷ್ಟು ಚರ್ಚುಗಳಲ್ಲಿ ಈ ಜಾಗದಲ್ಲಿ ಕ್ರಿಸ್ತ ಕೂತಿರ್ತಾನೆ, ಇಲ್ಲಿ ಮರ ಇದೆ. ಅದರ ಸುತ್ತ ಕಮಾನಲ್ಲಿ ಸಾಲಾಗಿ ಕೊಕ್ಕಿನ ಮುಖಗಳು, ವಿಚಿತ್ರ ಪ್ರಾಣಿಗಳು, ಹೊರಗಿನ ಸುತ್ತಲ್ಲಿ ಸರಪಣಿ ಥರ ಕೂಡಿಸಿದ ಪದಕಗಳು, ಒಂದೊಂದರೊಳಗೂ ಹಕ್ಕಿ, ಮೀನು, ಡ್ರ್ಯಾಗನ್. ಕಂಬಗಳ ಅಂಚಲ್ಲಿ ಉದ್ದಕ್ಕೂ ಹಾವು, ಬಾಲ ಕಚ್ಕೊಂಡಿರೋವು. ಬಲಗಡೆ ಕಂಬದ ತಲೆ ಮೇಲೆ ಒಂದು ಮುಖ, ಬಾಯಿಂದ ಬಳ್ಳಿ ಹೊರಗೆ ಹರೀತಿದೆ, ಇಂಗ್ಲಿಷ್‌ನೋರು ಅದನ್ನ ಗ್ರೀನ್ ಮ್ಯಾನ್ ಅಂತಾರೆ. ನಮ್ಮ ಮಕರತೋರಣದಲ್ಲಿ ಮಕರದ ಬಾಯಿಂದ ಬಳ್ಳಿ ಹೊರಡೋದು ನೋಡಿದೀರಲ್ಲ, ಕಣ್ಣಿಗೆ ಅದೇ ಸುಖ.

ಎಡಗಂಬದಲ್ಲಿ ಇಬ್ಬರು ಯೋಧರು, ಒಬ್ಬನ ಮೇಲೆ ಒಬ್ಬ, ಬಳ್ಳಿಯ ಮಧ್ಯೆ ಸಿಕ್ಕಿಕೊಂಡ ಹಾಗೆ. ಇವರ ಹತ್ತಿರ ಹೋಗಿ, ಒಂದಡಿ ದೂರದಿಂದ ನೋಡಿ. ತೆಳ್ಳಗಿನ ಉದ್ದ ಮೈ, ತಲೆಗೆ ಚೂಪು ಟೊಪ್ಪಿ, ಕಾಲಿಗೆ ಪ್ಯಾಂಟು. ಹೌದು ಪ್ಯಾಂಟೇ, ಸಡಿಲವಾಗಿರೋದು. ಬಟ್ಟೆಯ ನೆರಿಗೆ ತೋರಿಸೋಕೆ ಶಿಲ್ಪಿ ಸಮನಾಂತರ ಗೆರೆ ಎಳ್ದಿದಾನೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ, ಒಂದರ ಪಕ್ಕ ಒಂದು. ಹಾವಿನ ಮೈಗೂ ಬಳ್ಳಿಗೂ ಅದೇ ಗೆರೆ. ಈ ಗೆರೆ ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಈಗ ಸೂರಿನ ಕೆಳಗಿನ ಮುಖಗಳು. ಅವನ್ನ ಕಾರ್ಬೆಲ್ ಅಂತಾರೆ, ಗೋಡೆಯಿಂದ ಮುಂದಕ್ಕೆ ಚಾಚಿ ಮಾಡಿನ ಅಂಚನ್ನ ಹೊರೋ ಕಲ್ಲು, ನಮ್ಮ ಕಂಬದ ಮೇಲಿನ ಬೋದಿಗೆ ತೊಲೆ ಹೊರೋ ಹಾಗೆ. ಮೊದಲಿಗೆ 91 ಇದ್ವು, ಈಗ 85 ಉಳಿದಿವೆ. ಒಂದು ಹಳ್ಳಿ ಚರ್ಚಿಗೆ ಇದು ದೊಡ್ಡ ಸಂಖ್ಯೆ. ನಿಮ್ಮ ಮಗಳು ನೋಡಿದ ನಾಯಿ ಮೊಲ ಇದಾವಲ್ಲ, ಅಕ್ಕಪಕ್ಕ ಒತ್ತಿಕೊಂಡು ಕೂತಿರೋವು, ನಾಯಿಗೆ ಜೋಲು ಕಿವಿ, ಮೊಲಕ್ಕೆ ಉದ್ದ ಕಿವಿ, ದುಂಡು ಕಣ್ಣು, ಇವತ್ತಿನ ಮಕ್ಕಳ ಕಾರ್ಟೂನಿಂದ ಎದ್ದು ಬಂದ ಹಾಗಿವೆ. ಹಂದಿ ಇದೆ, ಟಗರು ಇದೆ, ಪಿಟೀಲಿನ ಥರದ ವಾದ್ಯ ನುಡಿಸೋನು ಇದಾನೆ, ಬಾಯಿ ಕಟ್ಟಿದ ಕರಡಿ ಇದೆ, ಶಿಲುಬೆ ಹೊತ್ತ ಕುರಿಮರಿಯೂ ಇದೆ, ಆ ಕುರಿಮರಿ ಅಂದ್ರೆ ಕ್ರಿಸ್ತ. ಅಂದ್ರೆ ಅತಿ ಪವಿತ್ರವಾದ ಗುರುತೂ ಅಂಗಳದ ನಾಯೀನೂ ಒಂದೇ ಸಾಲಲ್ಲಿ, ಒಂದೇ ಅಳತೇಲಿ.

ನಗ್ನ ಹೆಂಗಸಿನ ಶಿಲ್ಪಕ್ಕೆ ಶೀಲಾ ನ ಗಿಗ್ ಅಂತ ಹೆಸರು, ಐರ್ಲೆಂಡಿನ ಮಾತು, ಇಂಥ ಶಿಲ್ಪಗಳಿಗೆ ಆ ಹೆಸರು ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ. ಇಂಥವು ಐರ್ಲೆಂಡ್, ಬ್ರಿಟನ್ ತುಂಬಾ ಇವೆ, ಫ್ರಾನ್ಸ್, ಸ್ಪೇನ್ ಚರ್ಚುಗಳ ಕಾರ್ಬೆಲ್‌ಗಳಲ್ಲೂ ಇದೇ ಜಾತಿಯ ಬೆತ್ತಲೆ ಆಕೃತಿಗಳಿವೆ. ಲಜ್ಜಾಗೌರಿ ಹೋಲಿಕೆ ನಿಮಗೊಬ್ಬರಿಗೇ ಹೊಳೆದಿದ್ದಲ್ಲ, ಆದ್ರೆ ಎರಡೂ ಒಂದೇ ಅನ್ನೋಕೆ ಆಗಲ್ಲ. ಬಾದಾಮಿ ಮ್ಯೂಸಿಯಂನ ಲಜ್ಜಾಗೌರಿ ನೋಡಿ, ತಲೆ ಜಾಗದಲ್ಲಿ ಕಮಲ, ತುಂಬಿದ ಮೈ, ಆಕೆ ಪೂಜೆಗೆ ಕೂತ ದೇವಿ, ಸಂತಾನ ಬೇಡಿಕೊಳ್ಳೋರ ತಾಯಿ. ಕಿಲ್‌ಪೆಕ್‌ನೋಳಿಗೆ ಬೋಳು ತಲೆ, ದೊಡ್ಡ ಕಣ್ಣು, ಅವಳು ಎತ್ತರದಲ್ಲಿ ಸೂರಿನ ಕೆಳಗೆ ಎಷ್ಟೋ ಕಾರ್ಬೆಲ್‌ಗಳ ಪೈಕಿ ಒಬ್ಬಳು. ಆಕೆ ಯಾಕೆ ಅಲ್ಲಿ ಅನ್ನೋದಕ್ಕೆ ವಿದ್ವಾಂಸರು ಹೇಳೋದು ಮುಖ್ಯವಾಗಿ ಮೂರು: ಕಾಮ ಪಾಪ ಅಂತ ಎಚ್ಚರಿಸೋಕೆ, ಕೆಟ್ಟ ದೃಷ್ಟಿ ದೂರ ಇಡೋಕೆ, ಇಲ್ಲಾ ಹಳೇ ಫಲವಂತಿಕೆಯ ನಂಬಿಕೆಯ ಉಳಿಕೆ. ನನಗೆ ಮೊದಲನೇದು ಹೆಚ್ಚು ಸರಿ ಅನ್ಸುತ್ತೆ, ಯಾಕಂದ್ರೆ ಫ್ರಾನ್ಸ್, ಸ್ಪೇನ್‌ನಲ್ಲಿ ಇಂಥ ಆಕೃತಿಗಳು ಜಿಪುಣ, ಕುಡುಕ ಇಂಥೋರ ಪಕ್ಕದಲ್ಲೇ ಬರ್ತಾವೆ. ಹಾಗಂತ 85 ಕಲ್ಲಿಗೂ ಒಂದೇ ಬೀಗದಕೈ ಹುಡುಕೋಕೆ ಹೋಗ್ಬೇಡಿ. ನಾಯಿ ಮೊಲಕ್ಕೆ ಯಾವ ಪಾಠ ಅಂಟಿಸಿದ್ರೂ ನಿಲ್ಲಲ್ಲ. 12ನೇ ಶತಮಾನದ ರೈತನಿಗೆ ಚರ್ಚ್ ಅಂದ್ರೆ ಇಡೀ ಸೃಷ್ಟಿ ಇರೋ ಜಾಗ, ಅದರಲ್ಲಿ ಬೇಟೆ, ಹಾಡು, ಭಯ, ಮೈ ಎಲ್ಲಾ ಬರುತ್ತೆ. ಮಗಳಿಗೆ ಇಷ್ಟು ಹೇಳಿ: ದೇವರ ಮನೆ ಗೋಡೆ ಮೇಲೆ ಲೋಕದಲ್ಲಿರೋದನ್ನೆಲ್ಲಾ ಬರೆದಿದಾರೆ, ಹೆದರಿಸೋದೂ ಸೇರಿ.

ವಿಕ್ಟೋರಿಯಾ ಕಾಲದೋರಿಗೆ ಈ ಶಿಲ್ಪ ಬಹಳ ಮುಜುಗರ ತಂದಿತ್ತು. 1842ರಲ್ಲಿ ಈ ಚರ್ಚಿನ ಕೆತ್ತನೆಗಳ ಚಿತ್ರ ಬರೆದು ಪ್ರಿಂಟ್ ಮಾಡಿಸಿದವರು ಅವಳನ್ನ ಎದೆ ಸೀಳಿಕೊಂಡು ತೋರಿಸ್ತಿರೋ ಒಬ್ಬ ಪೆದ್ದನ ಹಾಗೆ ವಿವರಿಸಿದ್ರು. ಆದ್ರೂ ಯಾರೂ ಅವಳನ್ನ ಒಡೀಲಿಲ್ಲ. ಅದೇ ದಶಕದಲ್ಲಿ ಎಲ್. ಎನ್. ಕಾಟಿಂಗ್‌ಹ್ಯಾಮ್ ಅನ್ನೋ ಆರ್ಕಿಟೆಕ್ಟ್, ಹೆರೆಫರ್ಡ್ ಕ್ಯಾಥೆಡ್ರಲ್ ದುರಸ್ತಿ ಮಾಡಿದವರೇ, ಕಿಲ್‌ಪೆಕ್‌ನ ದುರಸ್ತಿಯನ್ನೂ ಮಾಡಿಸಿದ್ರು. ಆ ಕಾಲದಲ್ಲಿ ದುರಸ್ತಿ ಅಂದ್ರೆ ಹಳೇದನ್ನ ಕೆರೆದು ಹೊಸದಾಗಿ ಕೆತ್ತೋದು ಅನ್ನೋ ಹುಚ್ಚು ಎಲ್ಲಾ ಕಡೆ ಇತ್ತು, ಇಲ್ಲಿ ಅದು ಆಗ್ಲಿಲ್ಲ. ನಾವು ಇವತ್ತು ಮೂಲ ಉಳಿಯ ಗುರುತನ್ನೇ ನೋಡ್ತಿದೀವಿ.

ಪಶ್ಚಿಮದ ಗೋಡೇಲಿ ಡ್ರ್ಯಾಗನ್ ತಲೆಗಳು ಹೊರಗೆ ಚಾಚಿವೆ, ನಾಲಿಗೆ ಸುರುಳಿ ಸುತ್ತಿರೋದನ್ನ ನೋಡಿ, ವೈಕಿಂಗರ ಹಡಗಿನ ಮುಂದಿನ ತಲೆ ನೆನಪಾಗುತ್ತೆ. ಹೆಣೆದ ಹಗ್ಗದ ಥರದ ಗೆರೆ ಸ್ಕ್ಯಾಂಡಿನೇವಿಯಾ ಕಡೆಯ ರುಚಿ, ಒಳಗಿನ ಕೆತ್ತನೆ ಸ್ಪೇನ್ ಕಡೆಯದು. ಒಳಗೆ ಅಂದ್ರೆ ಚಾನ್ಸೆಲ್ ಕಮಾನಿನ ಎರಡೂ ಕಡೆ ಒಬ್ಬರ ಮೇಲೆ ಒಬ್ಬರು ನಿಂತ ಸಂತರು, ಪಕ್ಕಕ್ಕೆ ಮೂರು ಮೂರು, ಬೀಗದಕೈ ಹಿಡಿದೋನು ಪೀಟರ್. ಕಂಬಕ್ಕೆ ಹೀಗೆ ಸಂತರನ್ನ ಪೇರಿಸೋ ಪದ್ಧತಿ ಸ್ಪೇನ್‌ನ ಸ್ಯಾಂಟಿಯಾಗೋ ಕ್ಯಾಥೆಡ್ರಲ್ ಬಾಗಿಲಲ್ಲಿದೆ, ಮೇಲೆ ಹೇಳಿದ ಶಾಬ್ಡನ್‌ನ ಆಲಿವರ್ ಅದೇ ಸ್ಯಾಂಟಿಯಾಗೋಗೆ ಯಾತ್ರೆ ಹೋಗಿ ಬಂದೋನು. ಯಾತ್ರೆಗೆ ಹೋದೋರು ಗಂಗಾಜಲ ತರೋ ಹಾಗೆ ಅವರು ಒಂದು ಶೈಲೀನೇ ತಂದ್ರು ಅಂತ ಬಹಳ ಜನ ಇತಿಹಾಸಕಾರರು ನಂಬ್ತಾರೆ.

ಒಳಗೆ ಇನ್ನೆರಡು ವಸ್ತು ತಪ್ಪಿಸ್ಬೇಡಿ. ಒಂದು, ಏಪ್ಸ್ ಒಳಗೆ ತಲೆ ಎತ್ತಿ ನೋಡಿದ್ರೆ ಛಾವಣಿಯ ಕಲ್ಲಿನ ಪಟ್ಟಿಗಳು ಕೂಡೋ ಜಾಗದಲ್ಲಿ ನಾಲ್ಕು ಮುಖ ನಾಲ್ಕು ದಿಕ್ಕಿಗೆ ನೋಡ್ತಿವೆ. ಇನ್ನೊಂದು ತೀರ್ಥದ ಕಲ್ಲುಬಟ್ಟಲು. ಗುಡಾಣದ ಥರ ದುಂಡು ಹೊಟ್ಟೆ, ಆ ಹೊಟ್ಟೆಯನ್ನ ಎರಡು ಕೈ ತಬ್ಬಿ ಹಿಡಿದಿವೆ, ಬುಡದಲ್ಲಿ ಹಾವಿನ ತಲೆಗಳು. ಬಸುರಿ ತನ್ನ ಹೊಟ್ಟೆ ಹಿಡ್ಕೊಂಡ ಹಾಗಿದೆ. ನನಗೆ ಇಡೀ ಚರ್ಚಲ್ಲಿ ಹೆಚ್ಚು ಇಷ್ಟ ಆಗೋದು ಇದು, ಮತ್ತೆ ಇದರ ಫೋಟೋ ಯಾರೂ ತೆಗೆಯಲ್ಲ. ದೀಕ್ಷಾಸ್ನಾನದ ತೊಟ್ಟಿ ದೊಡ್ಡದು, ಹೆಚ್ಚು ಕೆತ್ತನೆ ಇಲ್ಲ, ಆ ಕಲ್ಲಿನ ಚುಕ್ಕೆಗಳೇ ಅಲಂಕಾರ.

ಒಳಗೋಡೆ ಖಾಲಿ ಖಾಲಿ ಅನ್ಸಿದ್ರೆ ಅದು ಮೊದಲಿನ ಸ್ಥಿತಿ ಅಂದ್ಕೋಬೇಡಿ. ಮಧ್ಯಕಾಲದ ಹಳ್ಳಿ ಚರ್ಚುಗಳ ಒಳಗೆಲ್ಲಾ ಬಣ್ಣದ ಚಿತ್ರ ಬರೆಸೋದು ರೂಢಿ ಇತ್ತು, 16ನೇ ಶತಮಾನದ ಧರ್ಮಸುಧಾರಣೆಯಲ್ಲಿ ಇಂಗ್ಲೆಂಡಿನಾದ್ಯಂತ ಅವುಗಳ ಮೇಲೆ ಸುಣ್ಣ ಹೊಡೆದ್ರು.

ಮತ್ತೆ ಆ ಕಡೆ ಹೋಗೋದಿದ್ರೆ ಹತ್ತಿರದಲ್ಲೇ ರೋಲ್‌ಸ್ಟೋನ್ ಚರ್ಚ್ ಇದೆ, ಅದು ಸೇಂಟ್ ಪೀಟರ್ ಹೆಸರಲ್ಲಿದೆ, ಅದೇ ಗುಂಪಿನ ಕೆಲಸ. ಪೀಟರ್‌ನ ತಲೆಕೆಳಗಾಗಿ ಶಿಲುಬೆಗೆ ಹಾಕಿದ್ರು ಅನ್ನೋ ನಂಬಿಕೆ ಇದೆಯಲ್ಲ, ಅಲ್ಲಿ ಚಾನ್ಸೆಲ್ ಕಮಾನಿನ ಒಂದು ಕಡೆ ದೇವದೂತನೂ ಸಂತನೂ ತಲೆಕೆಳಗಾಗೇ ನಿಂತಿದಾರೆ. ಆಮೇಲೆ ಉತ್ತರಕ್ಕೆ ಅರ್ಡಿಸ್ಲಿ ಅನ್ನೋ ಊರಿಗೆ ಹೋಗಿ. ಅಲ್ಲಿನ ಚರ್ಚಿನ ದೀಕ್ಷಾಸ್ನಾನದ ತೊಟ್ಟಿ ಮೇಲೆ ಇಬ್ಬರು ವೀರರು ಹೊಡೆದಾಡ್ತಿದಾರೆ, ಒಬ್ಬನ ಕೈಯಲ್ಲಿ ಈಟಿ ಒಬ್ಬನ ಕೈಯಲ್ಲಿ ಕತ್ತಿ. ಕಿಲ್‌ಪೆಕ್ ಬಾಗಿಲ ಯೋಧರ ಫೋಟೋ ಫೋನಲ್ಲಿ ತೆಗೆದು ಮಗಳ ಕೈಗೆ ಕೊಡಿ, ಇವರ ಕಾಲು ನೋಡು ಅಂತ ಹೇಳಿ. ಅದೇ ಸಡಿಲ ಪ್ಯಾಂಟು, ಬಾಚಣಿಗೆಯಲ್ಲಿ ಎಳೆದ ಅದೇ ಗೆರೆ. ಹೆಸರು ಬರೆದಿಡದ ಶಿಲ್ಪಿಗಳನ್ನ ಒಂದು ಊರಿಂದ ಇನ್ನೊಂದು ಊರಿಗೆ ಹಿಂಬಾಲಿಸೋಕೆ ನಮಗೆ ಸಿಕ್ಕಿರೋ ಗುರುತು ಆ ಗೆರೇನೇ, ಅದನ್ನ ಅವಳೇ ಕಂಡುಹಿಡೀಲಿ.